ಕುಣಿಯೊಳಗಿನ ದೊರೆ

ಅಮಾವಾಸ್ಯೆಯ ದಿನ ನಮ್ಮ ಓಣಿ ತಡವಾಗಿ ಏಳುತ್ತಿತ್ತು, ಎಬ್ಬಿಸಲು ಸಪ್ಪಳವೇ ಇರುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಆಯಿ, ಅಂದರೆ ನಮ್ಮಪ್ಪನ ತಾಯಿ, ನಸುಕಿಗೇ ಮಗ್ಗಕ್ಕೆ ಕೂತುಬಿಡುತ್ತಿದ್ದಳು. ಲಾಳಿ ಓಡುವ ಸದ್ದು ಗೋಡೆ ದಾಟಿ ನಮ್ಮ ಕೌದಿಯೊಳಕ್ಕೆ ಬರುತ್ತಿತ್ತು, ನಾವು ಅದರ ತಾಳಕ್ಕೇ ಕಣ್ಣು ಬಿಡುತ್ತಿದ್ದೆವು. ಅಮಾವಾಸ್ಯೆಗೆ ಮಾತ್ರ ಗಜೇಂದ್ರಗಡದ ನೇಕಾರರ ಮನೆಗಳಲ್ಲಿ ಯಾರೂ ನೇಯುವುದಿಲ್ಲ. ಅಂದು ಮಗ್ಗಕ್ಕೆ ಸೂಟಿ. ಆ ಬೆಳಿಗ್ಗೆಯೂ ನಾನು ಎಂದಿನಂತೆ ಹಲ್ಲುಜ್ಜಿ, ಬಟ್ಟಲು ಚಹಾ ಕುಡಿದು, ಅವ್ವ ಕೊಟ್ಟ ಮೋಟು ಕಸಬರಿಗೆ ಹಿಡಿದು ಕುಣಿಗೆ ಇಳಿದೆ. ಕುಣಿ ಎಂದರೆ ಮಗ್ಗದ ಬುಡದಲ್ಲಿ ನೆಲವನ್ನು ಉದ್ದಕ್ಕೆ ತೋಡಿ ಮಾಡಿದ ತಗ್ಗು. ಆಗ ನನಗದು ಎದೆಮಟ್ಟ ಬರುತ್ತಿತ್ತು. ನೇಯುವವರು ಅದರ ದಂಡೆಗೆ ಕೂತು ಕಾಲು ಒಳಗೆ ಬಿಡುತ್ತಾರೆ, ತುಳಿಯುವ ಹಲಗೆಗಳು ಕೆಳಗೆ ಹಗ್ಗದಲ್ಲಿ ತೂಗಾಡುತ್ತಿರುತ್ತವೆ. ತಿಂಗಳೆಲ್ಲ ಅದರ ತಳಕ್ಕೆ ಬಿದ್ದ ನೂಲಿನ ಚೂರು, ಕೆಂಪು ಕರಿ ಬಣ್ಣದ ಧೂಳು, ಆಯಿಯ ಬಾಯಿಂದ ತಪ್ಪಿಸಿಕೊಂಡ ಅಡಿಕೆ ಹೋಳು, ಇವನ್ನೆಲ್ಲ ಗುಡಿಸಿ ಸಗಣಿ ಸಾರಿಸುವುದು ಸೂಟಿಗೆ ಮನೆಗೆ ಬಂದಾಗ ನನ್ನ ಕೆಲಸ. ತಂಪಾಗಿರುತ್ತಿತ್ತು, ಗಂಜಿಯ ವಾಸನೆ ಇರುತ್ತಿತ್ತು. ಅಂದು ಮುಂಜಾನೆ ನಾನು ಆ ಕುಣಿಯಲ್ಲಿ ಹಾಡು ಗುನುಗುತ್ತಾ ಸಾರಿಸಿದ್ದೆ. ಇದನ್ನು ನೆನಪಿಟ್ಟುಕೊಂಡು ಹೇಳುತ್ತಿದ್ದೇನೆ, ಯಾಕೆಂದರೆ ಸಂಜೆಯ ಹೊತ್ತಿಗೆ ಅದೇ ಕುಣಿಗೆ ಇಳಿಯಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿರಲಿಲ್ಲ.

ಬೇಸಗೆಯ ಸೂಟಿ ಮುಗಿದಿತ್ತು. ಮರುದಿನ ಮುಂಜಾನೆಯ ಬಸ್ಸಿಗೆ ನಾನು ಗದಗಿನ ಕಾನ್ವೆಂಟಿಗೆ ಹೊರಡಬೇಕು, ಐದನೆಯ ಇಯತ್ತೆಗೆ. ಟ್ರಂಕು ಬಾಗಿಲ ಹತ್ತಿರ ಬಂದು ಕೂತಿತ್ತು, ಆದರೆ ಅದಕ್ಕೆ ಇನ್ನೂ ಕೀಲಿ ಬಿದ್ದಿರಲಿಲ್ಲ. ಅಪ್ಪ ಹಿಂದೊಮ್ಮೆ ಸೀರೆಯ ಗಂಟು ಹೊತ್ತು ಗದಗಿಗೆ ಹೋದವನು ಬಿಳಿ ಕಾಲುಚೀಲದ ಹುಡುಗಿಯರು ಸಾಲಾಗಿ ರಸ್ತೆ ದಾಟುವುದನ್ನು ನೋಡಿ ಬಂದು, ಮೂರು ದಿನ ಸರಿಯಾಗಿ ಉಣ್ಣದೆ, ನಾಲ್ಕನೆಯ ದಿನ ನನ್ನನ್ನು ಆ ಸಾಲಿಗೆ ಸೇರಿಸುತ್ತೇನೆ ಎಂದಿದ್ದನಂತೆ. ಆಯಿ ಆಗ ಸುಮ್ಮನಿದ್ದಳು. ಈಗ ಸುಮ್ಮನಿರಲು ಅವಳಿಂದ ಆಗುತ್ತಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ನಮ್ಮ ಸೀರೆಗಳಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಆ ಹೊತ್ತಿಗೆ ನೇಯುವವಳ ಎದುರಿಗೆ ಇನ್ನೊಬ್ಬರು ಕೂರಬೇಕು, ಅವರ ಬೆರಳು ಸಣ್ಣಗಿದ್ದಷ್ಟೂ ಒಳ್ಳೆಯದು. ಓಣಿಯಲ್ಲೇ ಆಯಿಯ ಸೆರಗಿಗೆ ಹೆಸರಿತ್ತು. ಗಂಟು ಎಲ್ಲಿದೆ ಎಂದು ವ್ಯಾಪಾರದವರು ಬೆಳಕಿಗೆ ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ. ಆದರೆ ಆ ವರ್ಷ ಅವಳ ಬೆರಳು ಬಿರುಸಾಗಿ ಮಡಚಲು ಬಾರದಂತಾಗತೊಡಗಿದ್ದವು. ಅವ್ವನಿಗೆ ಅಡುಗೆ, ನೀರು, ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು ಇದ್ದೇ ಇತ್ತು. ಉಳಿದವಳು ನಾನು. ನಾಷ್ಟಾದ ಹೊತ್ತಿಗೆ, ರೊಟ್ಟಿಗೆ ಶೇಂಗಾ ಹಿಂಡಿ ಹಾಕಿಸಿಕೊಳ್ಳುತ್ತಾ, ಆಯಿ ಅಪ್ಪನ ಮುಖ ನೋಡದೆ ಹೇಳಿದಳು:

“ನಾಕ ವರ್ಷ ಆತು. ಈ ಮನ್ಯಾಗ ಒಂದರೆ ಇಂಗ್ಲಿಷ್ ಮಾತು ಕೇಳೀವೇನು? ಕಾಲಚೀಲಾ ತೊಳಿಯೂದು ಕಲ್ತಾಳ, ಅಷ್ಟ.”

“ಕಲೀಲಿಕತ್ತಾಳವ್ವಾ,” ಎಂದ ಅಪ್ಪ.

“ಇವತ್ತ ಅಮಾಸಿ, ಜಗಳ ಬ್ಯಾಡ. ನಾಳೆ ಬಸ್ಸಿಗೋ ಮಗ್ಗಕ್ಕೋ, ಸಂಜಿಕಡೆ ಹೇಳತೀನಿ.”

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಶಾಲೆಯಲ್ಲೇ ಮೆತ್ತಗಿನ ಹುಡುಗಿ, ಹಿಂದಿನ ಬೆಂಚು. ಪ್ರಾರ್ಥನೆಯನ್ನು ತಪ್ಪಿಲ್ಲದೆ ಹೇಳುತ್ತಿದ್ದೆ, ಒಳಗೆ ಬರಲೇ ಎಂದು ಬಾಗಿಲಲ್ಲಿ ಕೇಳುತ್ತಿದ್ದೆ, ಸಿಸ್ಟರ್ ಬರೆದಂತೆಯೇ ಬಾಲ ತಿರುಗಿಸಿ ಅಕ್ಷರ ಬರೆಯುತ್ತಿದ್ದೆ. ಪುಸ್ತಕದ ಇಂಗ್ಲಿಷ್ ಓದುತ್ತಿದ್ದೆ, ಬಾಯಿಂದ ಬರುವ ಇಂಗ್ಲಿಷ್ ನನಗೂ ದೂರವೇ. ಅಪ್ಪ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಒಂದೇ ತುಂಡನ್ನು ಮತ್ತೆ ಮತ್ತೆ ಮುರಿದು ಸಣ್ಣದು ಮಾಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದೆ.

ಅಂದು ಮಧ್ಯಾಹ್ನಕ್ಕೆ ಟಿವಿ ಬರುವುದಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಹಿಂದಿನ ದಿನವೇ ರೋಣಕ್ಕೆ ಹೋಗಿ ಬಾಡಿಗೆ ಅಂಗಡಿಯಲ್ಲಿ ಹೇಳಿ ಬಂದಿದ್ದ. ಹನ್ನೆರಡು ಗಂಟೆಯ ಬಸ್ಸಿನಿಂದ ಅವನು ಇಳಿದ ಚಂದ ನೋಡಬೇಕಿತ್ತು. ಕೌದಿಯಲ್ಲಿ ಸುತ್ತಿದ ಟಿವಿಯನ್ನು ಹಸುಗೂಸಿನಂತೆ ಎದೆಗೆ ಅವುಚಿಕೊಂಡಿದ್ದ, ವಿಡಿಯೋದ ಡಬ್ಬಿ ಕಂಡಕ್ಟರನ ಕೈಯಲ್ಲಿತ್ತು. ಆಯಿ ಕೇಳಿದ್ದು ದೇವರ ಸಿನಿಮಾ. ಕ್ಯಾಸೆಟ್ಟಿನ ಡಬ್ಬಿಯ ಮೇಲೆ ದೇವರ ಚಿತ್ರವೇ ಇತ್ತು. ಮಗ್ಗದ ಕೋಣೆಯಲ್ಲಿ, ಬಟ್ಟೆ ಹೊದಿಸಿದ ಮಗ್ಗದ ಪಕ್ಕದಲ್ಲೇ ಸ್ಟೂಲು ಹಾಕಿ ಟಿವಿ ಇಟ್ಟರು, ಅವ್ವ ಅದಕ್ಕೂ ಕುಂಕುಮ ಹಚ್ಚಿದಳು. ಪಕ್ಕದ ಮನೆಯ ನೀಲವ್ವ ಹಾಡು ಬಂದಾಗ ಕೈಮುಗಿಯಬೇಕೆಂದು ತಲೆಗೆ ಸ್ನಾನ ಮಾಡಿ ಬಂದಿದ್ದಳು. ಎಲ್ಲರ ಮುಂದೆ ಚುರುಮರಿ ಕಲಸಿದ ಗಿರ್ಮಿಟ್ಟಿನ ತಟ್ಟೆ. ಕಿಟಕಿ ಮುಚ್ಚಿ ಕತ್ತಲೆ ಮಾಡಿ ಕಾಕಾ ಗುಂಡಿ ಒತ್ತಿದ. ಮಂಜು ಬಂತು. ಮಂಜಿನೊಳಗಿಂದ ಕುದುರೆ ಗಾಡಿ ಬಂತು. ಗಾಡಿಯೊಳಗಿದ್ದವರೆಲ್ಲ ಬಿಳಿಯರು, ಮಾತಾಡಿದ್ದು ಇಂಗ್ಲಿಷು.

ಕಾಕಾ ಕ್ಯಾಸೆಟ್ ತೆಗೆದು ತಿರುಗಿಸಿ ನೋಡಿ ಮತ್ತೆ ಹಾಕಿದ. ಮತ್ತೆ ಅದೇ ಮಂಜು. ಅಂಗಡಿಯವನು ಡಬ್ಬಿ ಅದಲುಬದಲು ಮಾಡಿದ್ದ. ಟಿವಿ ಸಂಜೆಯ ಬಸ್ಸಿಗೆ ವಾಪಸ್ಸು, ಕರೆಂಟು ನಾಲ್ಕರವರೆಗೆ. ಎಲ್ಲರೂ ಮುಖ ಮುಖ ನೋಡಿಕೊಂಡಾಗ ಅಪ್ಪ, ಆ ದಿನ ಎರಡನೆಯ ಸಲ ಬಾಯಿ ಬಿಟ್ಟು, ಮೆಲ್ಲಗೆ ಅಂದ:

“ನಡೀಲಿ. ನಮ್ಮ ಹುಡುಗಿ ಹೇಳತಾಳ.”

ಆಯಿ ಟಿವಿಯ ಜೊತೆಗೆ ನನ್ನ ಮುಖವೂ ಕಾಣುವಂತೆ ತಿರುಗಿ ಕೂತಳು. ಗಿರ್ಮಿಟ್ಟಿನ ತಟ್ಟೆ ಕೆಳಗಿಟ್ಟಳು. ಸೆರಗು ಪರೀಕ್ಷೆ ಮಾಡುವಾಗ ಅವಳು ಕೂರುತ್ತಿದ್ದುದು ಹಾಗೆಯೇ.

ಗಾಡಿ ಒಂದು ಖಾನಾವಳಿಯ ಮುಂದೆ ನಿಂತಿತು. ಕೆಂಪು ಮೂಗಿನ ಖಾನಾವಳಿಯವನು ಪ್ರಯಾಣಿಕ ತರುಣನಿಗೆ ಏನೋ ಅಂದ. ಅರ್ಧ ಮಾತನ್ನು ಮೂಗಿನಲ್ಲಿ, ಅರ್ಧವನ್ನು ಗಂಟಲಲ್ಲಿ ಆಡಿದ. ಸಿಸ್ಟರ್ ಆಡುವ ಇಂಗ್ಲಿಷಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಕಿಟಕಿಯಾಚೆ ಗುಡ್ಡದ ಮೇಲೆ ಕೋಟೆಯಂಥ ಕರಿ ವಾಡೆ ಇತ್ತು, ಅವನ ಹೆಂಡತಿ ಅವಸರದಲ್ಲಿ ಆ ಕಿಟಕಿಯ ಬೋಲ್ಟು ಹಾಕುತ್ತಿದ್ದಳು. ಅಷ್ಟು ಕಂಡಿತು. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ, ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ನಾನು ಬಾಯಿ ತೆರೆದೆ:

“ಮುಂದ ಹೋಗಬ್ಯಾಡ್ರಿ, ಹೊತ್ತು ಮುಣುಗಿದ ಮ್ಯಾಲೆ ಆ ವಾಡೇದ ಕಡೆ ಯಾರೂ ಹೋಗಂಗಿಲ್ಲ ಅನ್ನಾಕತ್ತಾನ.”

ಸ್ವಲ್ಪ ಹೊತ್ತಿಗೆ ಗಾಡಿಯವನು ಆ ತರುಣನನ್ನು ದಾರಿಯ ಮಧ್ಯೆ ಇಳಿಸಿ ಕುದುರೆ ತಿರುಗಿಸಿಕೊಂಡು ಓಡಿಯೇಹೋದ. ನೀಲವ್ವ ನನ್ನ ತೊಡೆ ಹಿಡಿದಳು. ಖರೇ ಹೇಳಿದಳಲ್ಲಾ ಹುಡುಗಿ ಎಂದು ಕಾಕಾ ಅಂದ. ಅಲ್ಲಿಂದ ನನಗೆ ತಡೆಯೇ ಇರಲಿಲ್ಲ. ವಾಡೆಯ ದೊಡ್ಡ ಬಾಗಿಲು ತಾನೇ ತೆರೆಯಿತು, ಮೆಟ್ಟಿಲ ಮೇಲೆ ಉದ್ದನೆಯ ಕರಿ ನಿಲುವಂಗಿಯ ದೊರೆ ಬಂದು ನಿಂತ. ಒಳಗಿನ ಅಸ್ತರು ಕೆಂಪು. ಬಟ್ಟೆ ಚಲೋ ಐತಿ ಎಂದಳು ಆಯಿ, ಅವಳಿಗೆ ತಡೆಯಲಾಗಲಿಲ್ಲ. ದೊರೆ ತುಟಿ ಒಂದಿಷ್ಟೇ ಬಿಚ್ಚಿ ಏನೋ ಅಂದ. ಮನೆಗೆ ಬಂದವರಿಗೆ ದೊಡ್ಡವರು ಏನೆನ್ನುತ್ತಾರೋ ಅದನ್ನೇ ನಾನು ಹೇಳಿದೆ:

“ಬರ್ರಿ, ಬರ್ರಿ. ದಾರಿ ಭಾಳ ಆತೇನ್ರಿ? ಕೈಕಾಲ ತೊಳಕೊಳ್ರಿ, ಊಟಕ್ಕ ಕುಂಡ್ರಿ. ನೀವು ಉಣ್ರಿ, ನಾ ಆಮ್ಯಾಲೆ ಉಣ್ಣತೀನಿ.”

ಅವನ ಕೋರೆಹಲ್ಲನ್ನು ಆಗಿನ್ನೂ ತೋರಿಸಿರಲಿಲ್ಲ. ಎರಡು ನಿಮಿಷ ಬಿಟ್ಟು ತೋರಿಸಿದರು. ಅವ್ವನ ಕೈಯಲ್ಲಿದ್ದ ಚುರುಮರಿ ತಟ್ಟೆಗೆ ಉದುರಿತು.

“ಆಮ್ಯಾಲೆ ಉಣ್ಣತೀನಿ ಅಂದನಲ್ಲ ಯವ್ವಾ,” ಎಂದಳು ನೀಲವ್ವ, ಪಿಸುಮಾತಿನಲ್ಲಿ.

ಇಂಗ್ಲೆಂಡಿನ ಹಳೆಯ ಭೂತದ ಸಿನಿಮಾಗಳೆಂದರೆ ನನಗೆ ಇವತ್ತಿಗೂ ಪ್ರಾಣ. ಈಗ ನರಗುಂದದ ನನ್ನ ಮನೆಯಲ್ಲಿ, ಮಧ್ಯಾಹ್ನ ಮುಸುರೆ ತಿಕ್ಕಿ ಕೈ ಒರೆಸಿಕೊಂಡ ಮೇಲೆ, ಫೋನನ್ನು ಕಾಳಿನ ಡಬ್ಬಿಗೆ ಒರಗಿಸಿ ಒಂದೊಂದಾಗಿ ನೋಡುತ್ತೇನೆ. ಯಜಮಾನರು ಈ ವಯಸ್ಸಿನಲ್ಲಿ ಇದೇನು ಎನ್ನುತ್ತಾರೆ. ಆ ಸಿನಿಮಾಗಳಲ್ಲಿ ಭೂತಕ್ಕೂ ಒಂದು ಮನೆತನವಿದೆ. ಅದು ಒಳಗೆ ಬರುವ ಮುಂಚೆ ಕೇಳುತ್ತದೆ, ಮೇಜಿನ ಮೇಲೆ ಬಟ್ಟೆ ಹಾಸಿರುತ್ತದೆ, ದೀಪದ ಬತ್ತಿ ಕತ್ತರಿಸಿರುತ್ತದೆ. ರಕ್ತವಂತೂ ಅಂಚಿಗೆ ಹಾಕುವ ಕೆಂಪಿನಷ್ಟು ಗಾಢ, ಬಣ್ಣ ಇನ್ನೂ ಕೂತಿಲ್ಲ ಎಂದು ಆಯಿ ಅಂದೇ ಹೇಳಿದ್ದಳು. ಎಷ್ಟೋ ವರ್ಷಗಳ ಮೇಲೆ ಅದೇ ಸಿನಿಮಾ ಮತ್ತೆ ಸಿಕ್ಕಿತು. ಈಗ ನನಗೆ ಪ್ರತಿ ಮಾತೂ ತಿಳಿಯುತ್ತದೆ. ಖಾನಾವಳಿಯವನು ಹೇಳಿದ್ದು ಇಷ್ಟೇ: ಇವತ್ತು ಕೋಣೆ ಖಾಲಿಯಿಲ್ಲ. ದೊರೆ ಮೆಟ್ಟಿಲ ಮೇಲೆ ನಿಂತು ಹೇಳಿದ್ದು: ನಿಮ್ಮ ಕಾಗದ ಮುಟ್ಟಿತು. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ನಾನು ಹತ್ತು ವರ್ಷದವಳಿದ್ದಾಗ ಆಡಿಸಿದ ಮಾತೇ ಅವನ ಬಾಯಿಗೆ ಹೆಚ್ಚು ಒಪ್ಪುತ್ತಿತ್ತು. ಆ ಮರ್ಯಾದೆಯನ್ನು ನಾನು ಕಾನ್ವೆಂಟಿನಿಂದ ತಂದಿರಲಿಲ್ಲ. ಬಿಸಿಲಲ್ಲಿ ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಬಂದ ಕೆಲಸವೇನೆಂದು ಕೇಳುವ ನಮ್ಮ ಮನೆಯ ಕಟ್ಟೆಯಿಂದ ತಂದಿದ್ದೆ.

ಆದರೆ ಅಂದು ಮಾತು ನನ್ನದೇ, ಅಂಜಿಕೆಯೂ ನನ್ನದೇ. ತರುಣ ವಾಡೆಯೊಳಗೆ ಕಳೆದುಹೋದ. ಅವನನ್ನು ಹುಡುಕಿಕೊಂಡು ಬಿಳಿ ಮೀಸೆಯ ಮುದುಕನೊಬ್ಬ ಬಂದ. ದೊರೆ ಹಗಲೆಲ್ಲ ಎಲ್ಲಿ ಮಲಗುತ್ತಾನೆಂದು ಆಗ ತೋರಿಸಿದರು. ಕಲ್ಲಿನ ಕೋಣೆ, ನೆಲದ ನಡುವೆ ಉದ್ದಕ್ಕೆ ತೋಡಿದ ಕುಣಿ. ಅಳತೆ, ದಂಡೆ, ಒಳಗಿನ ಕತ್ತಲು, ಎಲ್ಲವೂ ನಮ್ಮ ಮಗ್ಗದ ಕುಣಿಯೇ. ಕೋಣೆಯಲ್ಲಿದ್ದ ಎಲ್ಲರ ಕಣ್ಣು ಒಮ್ಮೆ ಟಿವಿಯಿಂದ ಪಕ್ಕಕ್ಕೆ ಸರಿದು ಮತ್ತೆ ಟಿವಿಗೆ ಹೋಯಿತು. ಅವ್ವ ಕುಣಿಯ ದಂಡೆಯ ಹತ್ತಿರ ಚಾಚಿದ್ದ ಕಾಲನ್ನು ಮೆಲ್ಲಗೆ ಎಳೆದುಕೊಂಡಳು. ವಾಡೆಯ ಹೊರಗೆ ಹೊತ್ತು ಮುಳುಗುತ್ತಿತ್ತು. ಒಂದು ಕೈ ಕುಣಿಯಿಂದ ಮೇಲೆ ಬಂದು ದಂಡೆ ಹಿಡಿಯಿತು. ಬೆರಳಲ್ಲಿ ಉಂಗುರ. ಬಿಳಿ ಮೀಸೆಯ ಮುದುಕ ಕಂದೀಲು ಹಿಡಿದು ಒಂದು ಮೆಟ್ಟಿಲು ಇಳಿದ, ಎರಡು ಇಳಿದ. ಕರೆಂಟು ಹೋಯಿತು.

ನಾಲ್ಕೂವರೆಯವರೆಗೆ ಕಾದೆವು. ಬರಲಿಲ್ಲ. ಆಮೇಲೆ ಆ ದೊರಿ ಸತ್ತನೇನು ಎಂದು ಎಲ್ಲರೂ ನನ್ನನ್ನು ಕೇಳಿದರು, ಇಂಗ್ಲಿಷ್ ಬಲ್ಲವಳಿಗೆ ಅದೂ ಗೊತ್ತಿರಬೇಕು ಎನ್ನುವಂತೆ. ನನಗೆ ಗೊತ್ತಿಲ್ಲ ಎಂದೆ. ಆ ದಿನ ನಾನು ಆಡಿದ ಮೊದಲ ಖರೇ ಮಾತು ಅದು. ಅದೇ ಎಲ್ಲರನ್ನೂ ಹೆಚ್ಚು ಅಂಜಿಸಿತು. ಕಾಕಾ ಟಿವಿಯನ್ನು ಮತ್ತೆ ಕೌದಿಯಲ್ಲಿ ಸುತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಎಂದೂ ಹಿಂದೆ ನೋಡದವನು ಅಂದು ಓಣಿಯ ತಿರುವಿನಲ್ಲಿ ಒಮ್ಮೆ ತಿರುಗಿ ನೋಡಿದ.

ಅಮಾವಾಸ್ಯೆಯ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಮಗ್ಗಕ್ಕೆ ಪೂಜೆ ಮಾಡಿ ಒಂದು ಹಣತೆಯನ್ನು ಕುಣಿಯ ತಳದಲ್ಲಿಟ್ಟು ಬರುವುದು ನಮ್ಮ ಮನೆಯ ಪದ್ಧತಿ. ತಿಂಗಳೆಲ್ಲ ಕಾಲು ಇಟ್ಟ ಜಾಗ, ಒಂದು ದಿನವಾದರೂ ಅಲ್ಲಿ ತಲೆ ಬಾಗಬೇಕು ಎನ್ನುತ್ತಿದ್ದಳು ಆಯಿ. ದೀಪವಿಡದೆ ಮರುದಿನ ಲಾಳಿ ಮುಟ್ಟುವಂತಿರಲಿಲ್ಲ. ಯಾವಾಗಲೂ ಇದನ್ನು ಮಾಡುತ್ತಿದ್ದವಳು ಅವ್ವ, ಹೊಲದಲ್ಲಿ ಹಾವು ಕಂಡರೆ ಕೋಲು ಕೇಳುವ ಹೆಂಗಸು. ಅಂದು ಹಣತೆ ಹಿಡಿದು ಕುಣಿಯ ದಂಡೆಯವರೆಗೆ ಬಂದಳು, ನಿಂತಳು. ಎಣ್ಣೆ ಕಡಿಮೆಯಾಯಿತು ಎಂದು ಒಳಗೆ ಹೋಗಿ ಬಂದಳು, ಮತ್ತೆ ನಿಂತಳು. ಅಪ್ಪ ತಾನು ಇಳಿಯುತ್ತೇನೆಂದು ಧೋತರ ಎತ್ತಿ ಕಟ್ಟಿ, ಬಾಗಿ ಒಳಗೆ ನೋಡಿ, ಇದು ಹೆಂಗಸರು ಮಾಡುವ ಕೆಲಸವಲ್ಲವೇ ಎಂದು ಹಿಂದೆ ಸರಿದ. ಆಯಿಗೆ ಮೊಣಕಾಲು ನೋವು, ಕುಣಿಯ ತಳಕ್ಕೆ ಇಳಿದರೆ ಹತ್ತಲಾಗುತ್ತಿರಲಿಲ್ಲ. ಅವಳು ಹಣತೆಯನ್ನು ಅವ್ವನ ಕೈಯಿಂದ ತೆಗೆದು ನನಗೆ ಚಾಚಿದಳು.

“ಎಲ್ಲಾರಿಗೂ ಅಂಜಿಕಿ ಹಚ್ಚಿದಾಕಿ ನೀನು. ನೀನ ಇಳಿ.”

ನಾನು ಇಳಿದೆ. ಇಳಿದೆ ಎಂದು ಇವತ್ತು ಒಂದೇ ಮಾತಿನಲ್ಲಿ ಬರೆಯುತ್ತಿದ್ದೇನೆ, ಆಗ ಅದು ಮೂರು ಸಲ ಕಾಲು ಬಿಟ್ಟು ಮೂರು ಸಲ ಎಳೆದುಕೊಂಡ ಇಳಿತ. ಮುಂಜಾನೆ ನಾನೇ ಸಾರಿಸಿದ್ದ ನೆಲ ಪಾದಕ್ಕೆ ತಣ್ಣಗೆ, ಯಾರೋ ಮಲಗಿ ಎದ್ದ ಹಾಗೆ ಹತ್ತಿತು. ತೂಗಾಡುತ್ತಿದ್ದ ಹಗ್ಗವೊಂದು ಕುತ್ತಿಗೆಗೆ ತಗುಲಿತು. ಹಣತೆಯ ಬೆಳಕಿಗೆ ತುಳಿಯುವ ಹಲಗೆಗಳ ನೆರಳು ಮಣ್ಣಿನ ಗೋಡೆಯ ಮೇಲೆ ಬೆರಳಿನಂತೆ ಬಿಚ್ಚಿಕೊಂಡಿತು. ನಾನು ದಂಡೆಯ ಕಡೆ ನೋಡಿದೆ. ಅಲ್ಲಿ ಒಂದು ಕೈ ಇತ್ತು. ಬೆಳ್ಳಿಯ ಉಂಗುರ, ಬಣ್ಣ ಕೂತ ಉಗುರು, ಬಿರುಸಾದ ಗೆಣ್ಣು. ಆಯಿ ಕಷ್ಟಪಟ್ಟು ದಂಡೆಗೆ ಕೂತು, ನೇಯುವಾಗ ಕೂರುವ ಹಾಗೆಯೇ ಎರಡೂ ಕಾಲನ್ನು ಕುಣಿಯೊಳಗೆ, ನನ್ನ ಪಕ್ಕಕ್ಕೆ ಇಳಿಬಿಟ್ಟಿದ್ದಳು. ಬಾಗಿ, ಹಿಂದೆ ನಿಂತವರಿಗೆ ಕೇಳದಂತೆ ಹೇಳಿದಳು:

“ಅಂವಾ ಎರಡ ಮಾತ ಆಡಿದಾ, ನೀ ಇಪ್ಪತ್ತ ಆಡಿದಿ. ಉಳಿದದ್ದು ಎಲ್ಲಿಂದ ತಂದಿ?”

ಅವಳು ಟಿವಿ ನೋಡುತ್ತಿದ್ದುದು ಬಟ್ಟೆಗಾಗಿ ಎಂದುಕೊಂಡಿದ್ದೆ. ಅವರ ತುಟಿಗಳನ್ನು ಎಣಿಸುತ್ತಿದ್ದಳು. ಸಾವಿರ ಎಳೆಗಳಲ್ಲಿ ಒಂದು ತಪ್ಪಿದರೆ ಬೆರಳಿನಿಂದಲೇ ಹಿಡಿಯುವವಳು. ಹಣತೆಯನ್ನು ನೆಲಕ್ಕಿಡುತ್ತಾ ನಾನು ಅಂದೆ:

“ನನಗ ತಿಳಿಲಿಲ್ಲ, ಆಯಿ. ಒಂದೂ ತಿಳಿಲಿಲ್ಲ.”

“ಗೊತ್ತೈತಿ.”

ನನ್ನ ಟ್ರಂಕು ಕಣ್ಣ ಮುಂದೆ ಬಂತು. ಅದರಲ್ಲಿದ್ದ ಎರಡು ಜೊತೆ ಬಿಳಿ ಕಾಲುಚೀಲ, ಅಪ್ಪ ಗದಗಿನಿಂದ ತಂದ ಕರಿ ರಿಬ್ಬನ್ನು, ಬೆಳಿಗ್ಗೆ ಅವನು ಮುರಿಯುತ್ತಿದ್ದ ರೊಟ್ಟಿಯ ತುಂಡು. ಅಳು ಬಂತು. ಭೂತಕ್ಕೆ ಬಂದ ಅಳುವಲ್ಲ ಅದು. ಆಯಿ ಸೆರಗಿನ ತುದಿಯಿಂದ ನನ್ನ ಮೂಗು ಒರೆಸಿದಳು.

“ಅಷ್ಟ ಕಡೆ ಎಳಿ ಹರದಿತ್ತು,” ಅಂದಳು, “ಎಲ್ಲಿ ಗಂಟ ಹಾಕಿದಿ ನನಗ ಕಾಣಲಿಲ್ಲ.”

ನಾನು ಆಮೇಲೆ ಎಷ್ಟೋ ಪ್ರಮಾಣಪತ್ರ ತಂದೆ, ಸಿಸ್ಟರ್ ನನ್ನ ಪ್ರಬಂಧವನ್ನು ಇಡೀ ತರಗತಿಗೆ ಓದಿ ತೋರಿಸಿದ ದಿನವೂ ಬಂತು. ನಮ್ಮ ಓಣಿಯ ಅತ್ಯುತ್ತಮ ಸೆರಗು ನೇಯುತ್ತಿದ್ದವಳು ಅಂದು ಕುಣಿಯಲ್ಲಿ ಆಡಿದ ಈ ಮಾತನ್ನು ಮಾತ್ರ ನಾನು ಯಾವುದರ ಜೊತೆಗೂ ಇಟ್ಟು ತೂಗುವುದಿಲ್ಲ. ಅವಳು ನನ್ನ ತೋಳು ಹಿಡಿದು ಮೇಲೆ ಎಳೆದುಕೊಂಡಳು, ನಾನು ಅವಳನ್ನು ಹಿಡಿದು ಎಬ್ಬಿಸಿದೆ. ಕುಣಿಯೊಳಗೆ ಹಣತೆ ಅಲುಗದೆ ಉರಿಯುತ್ತಿತ್ತು. ಅವ್ವ ಕೈಮುಗಿದಳು, ಅಪ್ಪನೂ ಮುಗಿದ. ಆಯಿ ನೇರವಾಗಿ ಹಿತ್ತಲಿಗೆ ಹೋಗಿ, ಗೋಡೆಯ ಆಚೆ ನೀರು ತುಂಬುತ್ತಿದ್ದ ನೀಲವ್ವನನ್ನು ಕರೆದಳು. ನಾನು ಬಾಗಿಲ ಹತ್ತಿರ ಟ್ರಂಕಿನ ಮೇಲೆ ಕೂತು ಕೇಳಿಸಿಕೊಂಡೆ.

“ನೀಲವ್ವಾ, ನಾಳಿಂದ ದಿನಾ ಒಂದ ತಾಸು ಬಂದು ನನ್ನ ಎದುರಿಗೆ ಕುಂಡ್ರತೀಯೇನು, ಕೊಂಡಿ ಹಾಕಾಕ? ನಮ್ಮ ಹುಡುಗಿ ಮುಂಜಾನಿ ಬಸ್ಸಿಗೆ ಹೊಂಟಾಳ.”

ಒಳಗೆ ಅಪ್ಪ ಟ್ರಂಕಿನ ಕೀಲಿ ಹುಡುಕತೊಡಗಿದ. ಅದು ಅವನ ಉಡದಾರದಲ್ಲೇ ಇತ್ತು. ಗೋಡೆಯ ಆಚೆ ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು, ನೀಲವ್ವ ಅದನ್ನು ಎತ್ತಿ ಸೊಂಟಕ್ಕೇರಿಸುತ್ತಾ, ನಾಳೆ ಯಾವ ಪಲ್ಯ ಮಾಡಲಿ ಎನ್ನುವ ದನಿಯಲ್ಲಿ ಅಂದಳು:

“ಬರತೀನಿ ಬಿಡ್ರಿ ಆಯಿ. ಖರೇ, ಆ ದೊರಿ ಸತ್ತನೋ ಇಲ್ಲೋ ಸಾಲ್ಯಾಗ ಕೇಳಿ ಲಗೂನ ಒಂದ ಕಾಗದಾ ಬರೀ ಅನ್ರಿ ಆಕಿಗೆ. ಅಲ್ಲೀತನಕ ನಾ ಮ್ಯಾಲೆ ಕುಂತ ಕೊಂಡಿ ಹಾಕತೀನಿ, ಕುಣ್ಯಾಗ ಕಾಲ ಬಿಡಂಗಿಲ್ಲ.”